ರೆಕಾರ್ಡ್ ರೂಮಿಗೆ ಬಂದ ಚಿಗವ್ವ

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ನಮ್ಮವ್ವ ಇಂದಿಗೂ ಬೇರೆಯವರಿಗೆ ಬಿಡಿಸಿ ಹೇಳಲಾರಳು. ಯಾರಾದರೂ ಕೇಳಿದರೆ "ಕೊಪ್ಪಳದಾಗ ದವಾಖಾನ್ಯಾಗ ಅದಾಳ್ರಿ" ಎನ್ನುತ್ತಾಳೆ. "ನರ್ಸ್ ಏನು?" ಎಂದರೆ "ಅಲ್ರಿ, ಅಕಿ ರೋಗಿನ್ನ ಮುಟ್ಟಂಗಿಲ್ಲ" ಎನ್ನುತ್ತಾಳೆ. ಅಷ್ಟೊತ್ತಿಗೆ ಕೇಳಿದವರ ಮುಖದ ಮೇಲಿನ ಮರ್ಯಾದೆ ಅರ್ಧ ಇಳಿದಿರುತ್ತದೆ. ಯಲಬುರ್ಗಾದಲ್ಲಿ ಟೇಲರ್ ಅಂಗಡಿ ನಡೆಸುವ ಅಪ್ಪ ಮಾತ್ರ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾನೆ. "ನಾ ಮಂದಿ ಮೈ ಅಳತಿ ಬರಕೋತೀನಿ, ಅಕಿ ಮಂದಿ ರೋಗದ ಅಳತಿ ಬರದಿಡ್ತಾಳ" ಎಂದು ಗಿರಾಕಿಗಳಿಗೆ ಹೇಳುತ್ತಾನೆ. ನನ್ನ ಡಿಪ್ಲೊಮಾ ಪುಸ್ತಕಗಳಲ್ಲಿ ಇದ್ದ ವ್ಯಾಖ್ಯಾನಕ್ಕಿಂತ ಇದೇ ಹೆಚ್ಚು ಸರಿ ಎಂದು ಎಷ್ಟೋ ಸಲ ಅನ್ನಿಸಿದೆ.

ಆಸ್ಪತ್ರೆಯಿಂದ ರೋಗಿ ಮನೆಗೆ ಹೋದ ಮೇಲೆ, ಅಥವಾ ಹೆಣವಾಗಿ ಹೋದ ಮೇಲೆ, ಅವನ ಫೈಲು ನಮ್ಮ ಕೋಣೆಗೆ ಬರುತ್ತದೆ. ಹಾಳೆಗಳನ್ನು ಕ್ರಮವಾಗಿ ಜೋಡಿಸಬೇಕು. ಡಾಕ್ಟರು ಸಹಿ ಬಿಟ್ಟಿದ್ದರೆ ಹಿಂದೆ ಬಿದ್ದು ಮಾಡಿಸಬೇಕು. ರೋಗಕ್ಕೆ ತಕ್ಕ ಸಂಕೇತ ಹುಡುಕಿ ಕಂಪ್ಯೂಟರಿಗೆ ಹಾಕಬೇಕು. ಆಮೇಲೆ ನಂಬರಿನ ಪ್ರಕಾರ ರ‍್ಯಾಕಿನಲ್ಲಿ ಇಡಬೇಕು. ವಿಮೆಗೆ, ಕೋರ್ಟಿಗೆ, ಪಿಂಚಣಿಗೆ ಎಂದು ಜನ ಕೇಳಿಕೊಂಡು ಬಂದಾಗ ನಿಯಮದಂತೆ ಪ್ರತಿ ಕೊಡಬೇಕು. ಇಷ್ಟೇ. ಹೊರಗಿನವರಿಗೆ ಇದು ಕಾಗದ ಜೋಡಿಸುವ ಕೆಲಸ.

ಈ ಕೆಲಸಕ್ಕೆ ನನ್ನನ್ನು ತಂದವಳು ಕುಷ್ಟಗಿಯ ಚಿಗವ್ವ, ಅಂದರೆ ಅವ್ವನ ತಂಗಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ ನಾನು ಅವಳ ಮನೆಯಲ್ಲಿದ್ದೆ. ಯಲಬುರ್ಗಾದ ನಮ್ಮ ಮನೆಯಲ್ಲಿ ಮುಂದಿನ ಖೋಲಿ ಅಂಗಡಿಯಾದರೆ ಹಿಂದಿನದು ಅಡುಗೆಗೂ ಮಲಗುವುದಕ್ಕೂ ಒಂದೇ. ಪುಸ್ತಕ ಬಿಚ್ಚಲು ಜಾಗವಿರಲಿಲ್ಲ. ಚಿಗವ್ವನ ಗಂಡ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗಳನ್ನು ಸಾಕುತ್ತಿದ್ದಳು. ಆ ಮಗಳು ನನಗಿಂತ ಚಿಕ್ಕವಳು, ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು, ನನ್ನ ಸೆರಗನ್ನೋ ಜಡೆಯನ್ನೋ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ನಸುಕಿನಲ್ಲಿ ಚಿಗವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾನು ಎದ್ದು ಓದಲು ಕೂರುತ್ತಿದ್ದೆ. ಮೊದಲ ರೊಟ್ಟಿ ಯಾವಾಗಲೂ ನನಗೆ.

ಅಷ್ಟು ಓದಿದರೂ ಅಂಕ ಬರಲಿಲ್ಲ. ನರ್ಸಿಂಗ್ ಸೀಟೂ ಸಿಗಲಿಲ್ಲ. ಅವ್ವ ಗಂಡು ನೋಡೋಣ ಎಂದಳು. ಖಾನಾವಳಿಗೆ ಊಟಕ್ಕೆ ಬರುತ್ತಿದ್ದ ಯಾರೋ ಪ್ಯಾರಾಮೆಡಿಕಲ್ ಕೋರ್ಸಿನ ಸುದ್ದಿ ಹೇಳಿದ್ದರಂತೆ, ಅದನ್ನು ಕೇಳಿಕೊಂಡು ಬಂದ ಚಿಗವ್ವ ಹಟ ಹಿಡಿದಳು. "ಓದ್ಲಿ ಬಿಡಬೇ ಅಕ್ಕ. ರೊಟ್ಟಿ ಬಡಿಯೋ ಕೆಲಸ ಎಲ್ಲಿಗೆ ಓಡಿ ಹೋಗತೈತಿ?" ಎಂದು ಅವ್ವನ ಬಾಯಿ ಮುಚ್ಚಿಸಿ, ತಾನೇ ನನ್ನನ್ನು ಕೊಪ್ಪಳಕ್ಕೆ ಕರೆದುಕೊಂಡು ಬಂದು ವೈದ್ಯಕೀಯ ದಾಖಲೆಯ ಡಿಪ್ಲೊಮಾಕ್ಕೆ ಸೇರಿಸಿದಳು. ಅರ್ಜಿಯ ಮೇಲೆ ಪೋಷಕರ ಜಾಗದಲ್ಲಿ ಅವಳದೇ ಹೆಬ್ಬೆಟ್ಟು.

ಓದು ಮುಗಿದ ಮೇಲೆ ಮೊದಲು ಸಿಕ್ಕಿದ್ದು ಗಂಗಾವತಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಮೆಟ್ಟಿಲ ಕೆಳಗೆ ನನಗೊಂದು ಮೇಜು. ಬತ್ತ ಕೊಯ್ಯುವ ದಿನಗಳಲ್ಲಿ ಹಾವು ಕಚ್ಚಿದವರು, ಬೆಳೆಗೆ ಔಷಧ ಹೊಡೆದು ತಲೆ ತಿರುಗಿ ಬಿದ್ದವರು, ಅದೇ ಔಷಧವನ್ನು ಬೇಕೆಂದೇ ಕುಡಿದವರು ಬರುತ್ತಿದ್ದರು. ಹಾಗೆ ಕುಡಿದು ಸತ್ತ ಒಬ್ಬ ಹೆಣ್ಣುಮಗಳ ಫೈಲು ನನ್ನ ಕೈಗೆ ಬಂದ ಮೊದಲ ಸಾವು. ನನ್ನದೇ ವಯಸ್ಸು. ದಾಖಲಾದಾಗ ನರ್ಸು ಬರೆದ ಹಾಳೆಯಲ್ಲಿ "ರೋಗಿ ನೀರು ಕೇಳುತ್ತಿದ್ದಾಳೆ" ಎಂದಿತ್ತು. ಮುಂದಿನ ಹಾಳೆಯಲ್ಲಿ ಏನೂ ಇರಲಿಲ್ಲ. ನಾನು ಆ ಖಾಲಿ ಹಾಳೆಯನ್ನು ತಿರುವಿ ಹಿಂದೆಯೂ ನೋಡಿ, ಸಂಕೇತ ಹುಡುಕಿ ಹಾಕಿದೆ. ವಿಷ ಕುಡಿದದ್ದಕ್ಕೂ ಒಂದು ನಂಬರ್ ಇದೆ, ಅಕಸ್ಮಾತ್ ಕುಡಿದರೆ ಒಂದು, ಬೇಕೆಂದು ಕುಡಿದರೆ ಇನ್ನೊಂದು. ಯಾಕೆ ಕುಡಿದಳು ಎಂಬುದಕ್ಕೆ ನಂಬರ್ ಹುಡುಕುವುದು ನನ್ನ ಕೆಲಸವಾಗಿರಲಿಲ್ಲ.

ಗಂಗಾವತಿಯಿಂದ ಕೊಪ್ಪಳದ ಒಂದು ದೊಡ್ಡ ಆಸ್ಪತ್ರೆಗೆ ಗುತ್ತಿಗೆಯ ಮೇಲೆ ಬಂದೆ. ಇಲ್ಲಿಯ ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಫಿನಾಯಿಲಿನ ವಾಸನೆ, ಹಳೇ ಕಾಗದದ ವಾಸನೆ, ಮಳೆಗಾಲದಲ್ಲಿ ಎರಡೂ ಸೇರಿದ ಮೂರನೆಯದೊಂದು ವಾಸನೆ. ಮುಖ್ಯಸ್ಥರಾಗಿದ್ದವರು ಗಂಗಾವತಿಯ ಕಡೆಯ ಒಬ್ಬ ಮುಸ್ಲಿಂ ಹಿರಿಯರು; ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಸೇರಿದ ದಿನವೇ ಚಾಚಾ ಹೇಳಿದರು: "ಬೇಟಿ, ನಿಮ್ಮ ಕಾಕಾನ ಫೈಲ್ ಬಂದ್ರ ನೀ ಹಾತ್ ಹಚ್ಚಬ್ಯಾಡ, ನನಗ ಕೊಡು. ನಮ್ಮವರದ್ದು ಬಂದ್ರ ನಿನಗ ಕೊಡ್ತೀನಿ. ಕೆಲಸ ಬಿಟ್ಟು ಬ್ಯಾರೆ ಕಾರಣಕ್ಕ ಫೈಲ್ ತಗದು ನೋಡಿದಿ ಅಂದ್ರ, ಅದು ಚೋರಿ." ಅದು ಕಾನೂನೂ ಹೌದು. ಆದರೆ ಚಾಚಾ ಹೇಳಿದ ಮೇಲೆ ನನಗೆ ಅದು ಕಾನೂನಿಗಿಂತ ದೊಡ್ಡದಾಯಿತು.

ಚಿಗವ್ವ ಬಂದದ್ದು ಒಂದು ಸೋಮವಾರ. ಮಧ್ಯಾಹ್ನದ ಹೊತ್ತು. ಸೆಕ್ಯುರಿಟಿಯವನು ಕೆಳಗಿಳಿದು ಬಂದು "ನಿಮ್ಮ ಮನಿಯವರು ಬಂದಾರ್ರಿ" ಎಂದ. ಮೇಲೆ ಬಂದು ನೋಡಿದರೆ ಚಿಗವ್ವ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿಯಲ್ಲಿ ಕೆನೆಮೊಸರು. ಹೊರಗಿನ ಬೇವಿನಮರದ ಕೆಳಗೆ ಕೂತೆವು. ತಂಗಿಗೆ, ಅಂದರೆ ಚಿಗವ್ವನ ಮಗಳಿಗೆ, ಗಂಡು ಗೊತ್ತಾಗಿರುವ ಸುದ್ದಿ ನನಗೆ ಮೊದಲೇ ತಿಳಿದಿತ್ತು. ಹುಡುಗ ಕಿನ್ನಾಳದವನು, ವೆಲ್ಡಿಂಗ್ ಅಂಗಡಿ ಇತ್ತು, ಮನೆಯಲ್ಲಿ ತಾಯಿ ಮತ್ತು ಅವನು ಇಬ್ಬರೇ. ತಂಗಿ ಫೋನಿನಲ್ಲಿ ಅವನ ವಿಷಯ ಹೇಳುವಾಗ ಅವಳ ದನಿಯೇ ಬದಲಾಗುತ್ತಿತ್ತು. ನಿಶ್ಚಯಕ್ಕೆ ಸೀರೆ ತರಲು ಬಂದಿರಬೇಕು ಎಂದುಕೊಂಡೆ.

"ಅವನ ಹೆಸರು ನಿನ್ನ ಕಂಪ್ಯೂಟರಿನ್ಯಾಗ ಐತೇನು ನೋಡಬೇಕಾಗೇತಿ," ಎಂದಳು ಚಿಗವ್ವ.

ನಾನು ತುತ್ತು ಕೈಯಲ್ಲೇ ಹಿಡಿದೆ.

"ಹ್ವಾದ ವರ್ಷ ಆ ಹುಡುಗ ಇದ ದವಾಖಾನ್ಯಾಗ ಒಂದ ತಿಂಗಳ ಮ್ಯಾಲ ಮಲಗಿದ್ನಂತ. ಎಲುಬು ಎಲುಬು ಆಗಿದ್ನಂತ. ಅವರ ಓಣಿಯಾಕಿ ಒಬ್ಬಾಕಿ ಹೇಳಿದ್ಲು. ನಾ ಅವರವ್ವನ್ನ ಕೇಳಿದ್ರ, ಜ್ವರ ಬಂದಿತ್ತು ಅಂತಾಳ. ಜ್ವರಕ್ಕ ಯಾರರ ತಿಂಗಳಾನಗಟ್ಲೆ ಮಲಗ್ತಾರೇನು?"

ಅವಳ ಹೆದರಿಕೆ ಯಾವುದು ಎಂದು ನನಗೆ ಗೊತ್ತಿತ್ತು. ಕುಷ್ಟಗಿಯಲ್ಲಿ ಚಿಗವ್ವನ ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಒಬ್ಬ ಲಾರಿ ಡ್ರೈವರನಿಗೆ ಕೊಟ್ಟಿದ್ದರು. ಅವನಿಗೆ ಎಚ್‌ಐವಿ ಇದ್ದದ್ದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಗಂಡ ಸತ್ತ ಮೇಲೆ ಆಕೆ ತವರಿಗೆ ಬಂದಳು, ತವರಿನಲ್ಲೂ ಬೇರೆ ತಟ್ಟೆ, ಬೇರೆ ಚಾಪೆ. ಔಷಧಕ್ಕೆ ಹೋದರೆ ಊರಿಗೆ ಗೊತ್ತಾಗುತ್ತದೆಂದು ಹೋಗದೆ ಹೋಗದೆ ತೀರಿಕೊಂಡಳು. ಹೆಣಕ್ಕೆ ನೀರು ಹಾಕಲು ಯಾರೂ ಮುಂದೆ ಬರಲಿಲ್ಲ. ಚಿಗವ್ವ ಹೋಗಿ ಮೈ ತೊಳೆದು ಸೀರೆ ಉಡಿಸಿದಳು. ಆಗ ನಾನು ಆ ಮನೆಯಲ್ಲೇ ಇದ್ದೆ. ವಾಪಸ್ ಬಂದವಳು ರೊಟ್ಟಿಯ ಹಿಟ್ಟು ಕಲಸುತ್ತಾ ಕಲಸುತ್ತಾ ಹಾಗೇ ಕೂತುಬಿಟ್ಟಿದ್ದಳು.

"ಚಿಗವ್ವಾ, ಹಂಗ ನೋಡಾಕ ಬರಂಗಿಲ್ಲ," ಎಂದೆ.

"ಯಾಕ ಬರಂಗಿಲ್ಲ? ಕೀಲಿ ನಿನ್ನ ಕೈಯಾಗ ಅದಾವು."

"ಅದಕ್ಕ ಬರಂಗಿಲ್ಲ."

"ನೀ ಬಾಯಿ ಬಿಟ್ಟು ಹೇಳಬ್ಯಾಡ. ಬರೇ ತಲಿ ಅಲ್ಲಾಡಿಸು. ನಿನ್ನ ಹೆಸರು ಹೊರಗ ಬರಂಗಿಲ್ಲ, ನನ್ನ ಮಗಳಾಣಿ."

ನಾನು ಅವಳಿಗೆ ಬೇರೆ ದಾರಿ ಹೇಳಿದೆ. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು, ಈಗ ಎಷ್ಟೋ ಜನ ಮಾಡಿಸುತ್ತಾರೆ, ತಪ್ಪೇನಿಲ್ಲ, ನೇರವಾಗಿ ಕೇಳು ಎಂದೆ. ಚಿಗವ್ವ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ಗಂಡಿನ ಮನಿಯವರಿಗೆ ಹೋಗಿ, ನಿಮ್ಮ ಮಗಂದು ರಕ್ತ ತಗಸ್ರಿ ಅನ್ನಲೇನು? ನನ್ನ ಮಗಳ ಬಗ್ಗೆ ಅವರು ಏನ ತಿಳಕೋತಾರ? ಗಂಡ ಇಲ್ಲದಾಕಿ ನಾ. ನನಗ ಎಲ್ಲಿ ಐತಿ ಅಷ್ಟ ದೊಡ್ಡ ಬಾಯಿ?"

ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿದಳು. "ಯವ್ವಾ, ನಿನ್ನ ನಾ ಬ್ಯಾರೆಯಾಕಿ ಅಂತ ಸಾಕಲಿಲ್ಲ. ಇದೊಂದು ಮಾಡು."

"ನನ್ನ ಕೈಲಾಗಂಗಿಲ್ಲ, ಚಿಗವ್ವಾ."

ಅಷ್ಟು ಹೇಳುವುದರೊಳಗೆ ನನ್ನ ಕಣ್ಣು ತುಂಬಿದವು. ನನಗಾಗಿ ಏನೆಲ್ಲ ಮಾಡಿದ ಹೆಂಗಸಿಗೆ, ಅವಳು ಜೀವಮಾನದಲ್ಲಿ ಮೊದಲ ಸಲ ಬೇಡಿದ್ದನ್ನು ಇಲ್ಲ ಎನ್ನಬೇಕಾಯಿತಲ್ಲ ಎಂಬ ಸಂಕಟಕ್ಕೆ ಅಳು ಬಂತು. ಬೇರೆ ಯಾವ ಕಾರಣವೂ ಇರಲಿಲ್ಲ. ಆ ಹುಡುಗನ ಫೈಲು ಯಾವ ರ‍್ಯಾಕಿನಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಚಿಗವ್ವ ನನ್ನ ಕಣ್ಣೀರು ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಗದ್ದ ಬಿಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದಳು. "ಗೊತ್ತಾತು ಬಿಡವ್ವ. ಅಳಬ್ಯಾಡ. ರೊಟ್ಟಿ ಉಣ್ಣು." ಎದ್ದು ಚೀಲ ಮಡಚಿಕೊಂಡು ಬಸ್ಸಿಗೆ ಹೋದಳು. ಅವಳಿಗೆ ನನ್ನ ಕಷ್ಟ ಅರ್ಥವಾಯಿತು ಎಂದು ನಾನು ತಿಳಿದುಕೊಂಡೆ. ಮನಸ್ಸು ಹಗುರಾಯಿತು ಕೂಡ.

ವಾರ ಕಳೆದ ಮೇಲೆ ಅವ್ವ ಫೋನ್ ಮಾಡಿದಳು. "ಕಿನ್ನಾಳದ ಸಂಬಂಧ ಬಿಟ್ರಂತ. ಛಲೋ ಆತು ನೀ ಹೇಳಿದ್ದು. ಇಲ್ಲಂದ್ರ ಆ ಕೂಸಿನ ಜೀವನ ಹಾಳಾಗತಿತ್ತು."

"ನಾ ಏನ ಹೇಳೀನಿ? ನಾ ಏನೂ ಹೇಳಿಲ್ಲಬೇ."

"ಹೌದೌದು. ನೀ ಏನೂ ಹೇಳಿಲ್ಲ," ಎಂದಳು ಅವ್ವ. ಗುಟ್ಟು ಕಾಪಾಡುವವರ ದನಿಯಲ್ಲಿ.

ಆಗ ನನಗೆ ಬೇವಿನಮರದ ಕೆಳಗಿನ ಆ ಮಧ್ಯಾಹ್ನ ಏನಾಗಿತ್ತು ಎಂಬುದು ತಿಳಿಯಿತು. ರಜೆ ಬರೆದುಕೊಟ್ಟು ಕುಷ್ಟಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಹೋದೆ. ಚಿಗವ್ವ ನನ್ನನ್ನು ನೋಡಿದ್ದೇ ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನನ್ನ ಮಗಳ ಜೀವ ಉಳಿಸಿದಿ ಯವ್ವಾ."

"ಚಿಗವ್ವಾ, ನಾ ಅವನ ಫೈಲ್ ನೋಡೇ ಇಲ್ಲ. ಅವನಿಗೆ ಏನಾಗಿತ್ತು ಅನ್ನೋದು ನನಗ ಗೊತ್ತಿಲ್ಲ. ನಾ ಅತ್ತಿದ್ದು ನಿನಗ ಇಲ್ಲ ಅಂದೆ ಅಂತ."

"ಹೌದವ್ವ. ನೀ ನೋಡಿಲ್ಲ. ನಿನಗ ಗೊತ್ತಿಲ್ಲ. ಯಾರ ಕೇಳಿದ್ರೂ ನಾನೂ ಹಿಂಗ ಹೇಳ್ತೀನಿ. ನಿನ್ನ ನೌಕರಿಗೆ ಕುತ್ತು ತರಂಗಿಲ್ಲ."

ನಾನು ದೇವರ ಆಣೆ ಇಟ್ಟೆ. ಅವಳು ತಲೆದೂಗಿದಳು. ನಾನು ಜೋರಾಗಿ ಹೇಳಿದೆ. ಅವಳು ಇನ್ನಷ್ಟು ಪ್ರೀತಿಯಿಂದ ನನ್ನ ತಲೆ ಸವರಿದಳು. ನಾನು ಇಲ್ಲ ಎಂದಷ್ಟೂ ಅವಳಿಗೆ ಹೌದು ಎಂದೇ ಕೇಳುತ್ತಿತ್ತು.

ತಂಗಿ ಹಿತ್ತಲಲ್ಲಿ ಒಲೆಯ ಕಟ್ಟಿಗೆ ಸೀಳುತ್ತಿದ್ದಳು. ಕೊಡಲಿ ಇಳಿಸಲೇ ಇಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ಅಕ್ಕಾ, ಅವ ನನಗ ಎಲ್ಲಾ ಹೇಳ್ತಿದ್ದ. ಇದನ್ನ ಯಾಕ ಹೇಳಲಿಲ್ಲ?" ಎಂದಳು.

"ಅವನಿಗೆ ಏನೂ ಇರಲಿಕ್ಕಿಲ್ಲ. ನನಗ ಗೊತ್ತಿಲ್ಲ ಅಂದೆ ಅಷ್ಟ."

"ಗೊತ್ತಿಲ್ಲಂದ್ರ ಈಗರ ನೋಡು. ನೋಡಿ, ಏನೂ ಇಲ್ಲಂತ ಅವ್ವಗ ಹೇಳು. ಅಷ್ಟರ ಮಾಡು."

ಕೊಪ್ಪಳಕ್ಕೆ ವಾಪಸ್ ಬರುವಾಗ ಅದನ್ನೇ ಯೋಚಿಸಿದೆ. ಒಂದು ಸಲ ಹೆಸರು ಒತ್ತಿದರೆ ಸಾಕು. ಏನೂ ಇಲ್ಲದಿದ್ದರೆ ಓಡಿಬಂದು ಹೇಳಬಹುದು. ಆದರೆ ಇದ್ದರೆ? ಆಗ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಹೇಳಿದಂತೆ ಆಗುತ್ತದೆ. ಒಬ್ಬರಿಗೆ ಒಳ್ಳೆಯದೆಂದು ಇವತ್ತು ಬಾಯಿ ಬಿಟ್ಟರೆ, ನಾಳೆ ಇನ್ನೊಬ್ಬರ ವಿಷಯದಲ್ಲಿ ನಾನು ಬಾಯಿ ಮುಚ್ಚಿದ ಕ್ಷಣವೇ ಅವರ ಗುಟ್ಟು ಬಯಲಾದಂತೆ. ಚಾಚಾನ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನೀ ಗಲತ್ ಮಾಡಿಲ್ಲ ಬೇಟಿ," ಎಂದರು. ಆಮೇಲೆ, "ಆದ್ರ ಆ ಹುಡುಗಗ ಅದರಿಂದ ಏನ ಫಾಯಿದಾ?" ಎಂದು ತಮಗೆ ತಾವೇ ಕೇಳಿಕೊಂಡರು. ನಾನು ಆ ಫೈಲು ನೋಡಲಿಲ್ಲ.

ಹುಡುಗನೇ ಬಂದ. ಆ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಕೌಂಟರಿನ ಹೊರಗೆ ನಿಂತವನ ಕೈಮೇಲೆ ವೆಲ್ಡಿಂಗ್ ಕಿಡಿ ಸಿಡಿದ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ನಾನು ಅವನನ್ನು ಅದುವರೆಗೆ ಫೋಟೋದಲ್ಲಿ ಮಾತ್ರ ನೋಡಿದ್ದೆ.

"ಮೇಡಮ್ಮರ, ನೀವು ಕುಷ್ಟಗಿಯವರಿಗೆ ನನ್ನ ಬಗ್ಗೆ ಏನ ಹೇಳೀರಿ?"

"ನಾ ಏನೂ ಹೇಳಿಲ್ರಿ."

"ಅದನ್ನ ಅವರೂ ಹೇಳಿದ್ರು. ಏನೂ ಹೇಳಿಲ್ಲ, ಅತ್ತಳು ಅಂದ್ರು." ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಅದಾದ ಮ್ಯಾಲ ಇನ್ನೊಂದು ಕಡಿ ಮಾತು ನಡದಿತ್ತು, ಅವರೂ ಬಿಟ್ರು. ನಮ್ಮವ್ವ ಹಿಟ್ಟಿನ ಗಿರಣಿಗೆ ಹೋಗೋದು ಬಿಟ್ಟಾಳ್ರಿ. ಅಲ್ಲಿ ಅಕಿ ಹ್ವಾದ ಕೂಡ್ಲೆ ಮಂದಿ ಮಾತು ನಿಲ್ಲಸ್ತಾರಂತ."

ಅವನಿಗೆ ನಾನು ಹೇಳಬಹುದಾದದ್ದು ಒಂದೇ ಇತ್ತು. ಅವನ ದಾಖಲೆ ಅವನದೇ ಹಕ್ಕು. ಗುರುತಿನ ಚೀಟಿ ಕೊಟ್ಟು ಅರ್ಜಿ ಬರೆದರೆ ಪ್ರತಿ ಸಿಗುತ್ತದೆ. ಅವನು ಅಲ್ಲೇ ನಿಂತು ಬರೆದ. ಫೈಲನ್ನು ಚಾಚಾ ತೆಗೆದರು, ಝೆರಾಕ್ಸನ್ನೂ ಅವರೇ ಮಾಡಿಸಿದರು. ನಾನು ಗೋಡೆಯ ಕಡೆ ಮುಖ ಮಾಡಿ ಬೇರೆ ಹಾಳೆಗಳಿಗೆ ದಾರ ಪೋಣಿಸುತ್ತಾ ಕೂತೆ. ಪ್ರತಿ ಕೈಗೆ ಬಂದ ಮೇಲೆ ಅವನು ಅದನ್ನು ನನ್ನ ಮುಂದೆಯೇ ಹಿಡಿದ.

"ನೀವ ನೋಡ್ರಿ. ನಾನ ತೋರಸಾಕತ್ತೀನಿ. ಯಾರಿಗೆ ಬೇಕಾದ್ರೂ ಹೇಳ್ರಿ. ಬೇಕಂದ್ರ ಡಂಗುರ ಹೊಡೀರಿ."

ಅವನೇ ಹೇಳೆಂದದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಬಂದದ್ದು ಟೈಫಾಯಿಡ್. ಕಿನ್ನಾಳದಲ್ಲಿ ಯಾರೋ ಕೊಟ್ಟ ಗುಳಿಗೆ ನುಂಗುತ್ತಾ ಕೆಲಸಕ್ಕೆ ಹೋಗಿ ಹೋಗಿ, ಕೊನೆಗೆ ಕರುಳಿಗೆ ತೂತು ಬಿದ್ದು ಆಪರೇಷನ್ ಆಗಿತ್ತು. ಹೊಲಿಗೆ ಕೀವು ಹಿಡಿದು ಎರಡನೇ ಸಲವೂ ಕೊಯ್ದಿದ್ದರು. ಅದಕ್ಕೇ ಅಷ್ಟು ದಿನ, ಅದಕ್ಕೇ ಎಲುಬು ಎಲುಬು. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ರಕ್ತ ಪರೀಕ್ಷೆಯ ಹಾಳೆಯೂ ಇತ್ತು. ಚಿಗವ್ವ ಹೆದರಿದ ರೋಗ ಅದರಲ್ಲಿ ಇರಲಿಲ್ಲ.

"ಆಪರೇಷನ್ ಆಗಿತ್ತು ಅಂತ ಮೊದಲ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ಅವ್ವ ಬ್ಯಾಡಂದ್ಲು. ಹೊಟ್ಟಿ ಕೊಯ್ದ ಹುಡುಗಗ ಯಾರ ಕನ್ಯಾ ಕೊಡ್ತಾರ ಅಂದ್ಲು."

ಇನ್ನೊಂದು ಝೆರಾಕ್ಸ್ ಮಾಡಿಸಿ ನನ್ನ ಕೈಗೆ ಕೊಟ್ಟು ಅವನು ಹೋದ ಮೇಲೆ ನಾನು ಮತ್ತೆ ಕುಷ್ಟಗಿಗೆ ಹೋದೆ. ಈ ಸಲ ಧೈರ್ಯವಿತ್ತು, ಕೈಯಲ್ಲಿ ಅವನು ಕೊಟ್ಟ ಪ್ರತಿ ಇತ್ತು, ಹೇಳಲು ಅವನ ಒಪ್ಪಿಗೆಯಿತ್ತು. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಕೈ ಝಾಡಿಸಿ, ಕಾಗದ ಮುಟ್ಟದೆ, ನನ್ನ ಮುಖ ನೋಡಿದಳು. ಆ ನೋಟದಲ್ಲಿ ಮೊದಲಿನ ಮಮತೆ ಇರಲಿಲ್ಲ.

"ಅವರು ನಿನ್ನ ಕಡೆ ಬಂದಿದ್ರೇನು?"

"ಹುಡುಗನ ಬಂದಿದ್ದ."

"ಹ್ಞೂಂ. ಅತ್ತಿರಬೇಕು, ಕೈಕಾಲು ಹಿಡದಿರಬೇಕು. ನಿನ್ನ ಮನಸು ಮೆತ್ತಗ, ನನಗ ಗೊತ್ತೈತಿ. ಕಾಗದ ತಿದ್ದೋದು ನಿಮ್ಮ ಕೈಯಾಗ ಇರತೈತಿ."

"ಚಿಗವ್ವಾ! ಇದು ಡಾಕ್ಟರ್ ಬರದದ್ದು. ಸಹಿ ನೋಡು."

"ನನಗ ಓದಾಕ ಬರಂಗಿಲ್ಲಲ್ಲ ಯವ್ವಾ. ನನಗ ಓದಾಕ ಬರೋದು ಮಾರಿ ಅಷ್ಟ. ಅವತ್ತು ನಿನ್ನ ಮಾರಿ ಓದೀನಿ."

ತಂಗಿಗೆ ಅಷ್ಟರಲ್ಲೇ ಗಂಗಾವತಿಯ ಕಡೆ ಬೇರೆ ಗಂಡು ಗೊತ್ತಾಗಿತ್ತು. ಹಿತ್ತಲಿಗೆ ಹೋಗಿ ಅವಳ ಕೈಗೆ ಪ್ರತಿ ಕೊಟ್ಟೆ. ಅವಳು ಪಿಯುಸಿ ಓದಿದವಳು, ಎಲ್ಲ ಹಾಳೆಗಳನ್ನೂ ನಿಧಾನವಾಗಿ ಓದಿದಳು. ನಂಬಿದಳು ಎಂದೇ ನನಗನ್ನಿಸುತ್ತದೆ. ಮಡಚಿ ವಾಪಸ್ ಕೊಡುತ್ತಾ, "ಈಗ ಇದನ್ನ ತೊಗೊಂಡು ಏನ ಮಾಡ್ಲಿ ಅಕ್ಕಾ? ಅವ್ವ ಮಾತು ಕೊಟ್ಟಾಳ," ಎಂದಳು. ನಾನು ಬಸ್‌ಸ್ಟ್ಯಾಂಡಿಗೆ ಹೊರಟಾಗ ಅವಳು ಬಾಗಿಲ ತನಕವೂ ಬರಲಿಲ್ಲ.

ಮದುವೆ ಆಯಿತು. ನಾನು ಹೋಗಿ ಬಂದೆ, ಮದುಮಗಳಿಗೆ ಅರಿಶಿಣ ಹಚ್ಚಿದೆ, ಫೋಟೋದಲ್ಲಿ ನಿಂತೆ. ತಂಗಿ ಸುಖವಾಗಿಯೇ ಇದ್ದಾಳೆ. ಗಂಡ ಒಳ್ಳೆಯವನು, ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್ ಕೆಲಸ. ಒಂದು ಹೆಣ್ಣುಮಗುವಿದೆ. ಅವಳು ನನಗೆ ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಮಗುವಿನ ಕೈಯಲ್ಲಿ ಮಾತಾಡಿಸುತ್ತಾಳೆ, ತಾನು ಹೆಚ್ಚು ಮಾತಾಡುವುದಿಲ್ಲ. ಚಿಗವ್ವ ಮಾತ್ರ ಎಲ್ಲ ಕಡೆ ನನ್ನನ್ನು ಹೊಗಳುತ್ತಾಳೆ. ಆ ಹೊಗಳಿಕೆಯೇ ನನಗೆ ಮುಳುವಾಯಿತು.

ನಮ್ಮ ಬಳಗದಲ್ಲಿ ಒಂದು ಸಂಬಂಧ ಕೂಡುವಾಗೆಲ್ಲ ನನಗೆ ಫೋನ್ ಬರತೊಡಗಿತು. ಬೆಳಿಗ್ಗೆ ಬಸ್ಸಿನಲ್ಲಿರುವಾಗ, ಊಟದ ಹೊತ್ತಿನಲ್ಲಿ. "ಬರೇ ಹ್ಞೂಂ, ಉಹ್ಞೂಂ ಅನ್ನು, ಸಾಕು" ಎನ್ನುತ್ತಿದ್ದರು. ನಾನು ಇಲ್ಲವೆಂದರೆ ನನ್ನ "ಇಲ್ಲ" ಎಷ್ಟು ಬೇಗ ಬಂತು, ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕುತ್ತಿದ್ದರು. ನಂಬರ್ ಬದಲಿಸಿದೆ. ಆಮೇಲೆ ಇನ್ನೊಂದು ಶುರುವಾಯಿತು. ಮದುವೆ ಮುಂಜಿಗಳಲ್ಲಿ ಕೆಲವು ಹೆಂಗಸರು ನಾನು ಪಂಕ್ತಿಗೆ ಕೂತರೆ ಎದ್ದು ಬೇರೆ ಪಂಕ್ತಿಗೆ ಹೋಗುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಅವರೂ ಯಾವತ್ತೋ ನಮ್ಮ ಆಸ್ಪತ್ರೆಗೆ ಬಂದವರು. ಏನೋ ತೆಗೆಸಿಕೊಂಡವರು, ಏನೋ ಕಳೆದುಕೊಂಡವರು. ಅದೆಲ್ಲ ನನಗೆ ಗೊತ್ತಿದೆ ಎಂದು ಅವರ ನಂಬಿಕೆ. ನಿಜ ಹೇಳಬೇಕೆಂದರೆ ದಿನಕ್ಕೆ ಅಷ್ಟು ಫೈಲುಗಳ ನಡುವೆ ನನಗೆ ಹೆಸರುಗಳೇ ನೆನಪಿರುವುದಿಲ್ಲ. ಆದರೆ ಅದನ್ನು ಯಾರಿಗೆ ಹೇಳುವುದು, ಹೇಳಿದರೆ ಯಾರು ನಂಬುತ್ತಾರೆ?

ನನ್ನ ಮದುವೆಯ ಮಾತೂ ಒಂದೆರಡು ಕಡೆ ನಡೆದು ನಿಂತಿತು. ಒಂದು ಮನೆಯವರು ಅಪ್ಪನಿಗೆ ಮುಖದ ಮೇಲೆಯೇ ಹೇಳಿದರಂತೆ: "ಹುಡುಗಿ ಛಲೋ ಅದಾಳ್ರಿ, ಆದ್ರ ಇಡೀ ಜಿಲ್ಲಾದ ರೋಗ ಹೊಟ್ಟ್ಯಾಗ ಇಟ್ಕೊಂಡಾಕೀನ ಮನಿಗೆ ಹೆಂಗ ತುಂಬಿಸಿಕೊಳ್ಳೋದು?" ಅಪ್ಪ ಆ ದಿನ ಅಂಗಡಿ ತೆರೆಯಲಿಲ್ಲ. "ಬಿಟ್ಟಬಿಡು ಆ ನೌಕರಿ," ಎಂದ. ನಾನು ಬಿಡಲಿಲ್ಲ. ಬಿಟ್ಟರೂ ಜನ ಮರೆಯುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ನನಗೆ ಈ ಕೆಲಸ ಬರುತ್ತದೆ. ಬೇರೆ ಏನೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ಚಾಚಾ ನಿವೃತ್ತರಾದರು. ಅವರ ಕುರ್ಚಿಗೆ ನಾನು ಬಂದೆ, ಇನ್ನೂ ಗುತ್ತಿಗೆಯ ಮೇಲೆಯೇ. ಈಗ ಹೆಚ್ಚಿನದೆಲ್ಲ ಕಂಪ್ಯೂಟರಿನಲ್ಲಿ. ಯಾರು ಯಾವ ಫೈಲು ತೆರೆದರು ಎಂಬುದೂ ಅದರಲ್ಲಿ ಉಳಿಯುತ್ತದೆ. ಯಾರೂ ತೆರೆಯಲಿಲ್ಲ ಎಂಬುದಕ್ಕೂ ಹೀಗೊಂದು ಗುರುತು ಅಂದು ಇದ್ದಿದ್ದರೆ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಇದ್ದಿದ್ದರೂ ಚಿಗವ್ವ ಅದನ್ನು ಓದುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಕಿನ್ನಾಳದ ಆ ತಾಯಿ ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಳು. ಪಾರ್ಶ್ವವಾಯು ಹೊಡೆದು ಕೆಲವು ದಿನ ಮಲಗಿದ್ದಳು. ಮರಣದ ಕಾಗದಕ್ಕೆ ಮಗ ಕೌಂಟರಿಗೆ ಬಂದ. ತಲೆ ಬೋಳಿಸಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಅವನು ಮದುವೆಯಾಗಿಲ್ಲ ಎಂಬುದು ನನಗೆ ಬೇರೆಯವರಿಂದ ಗೊತ್ತಾಗಿತ್ತು.

ತಾಯಿಯ ಹೆಸರು, ವಯಸ್ಸು, ವಿಳಾಸ ಓದಿ ಹೇಳಿದೆ. ಸರಿ ಇದೆ ಎಂದ. ನಾನು ಏನಾದರೂ ಹೇಳಬೇಕಿತ್ತು. "ಭಾಳ ತ್ರಾಸ ಆತೇನ್ರಿ ಅವ್ವಾರಿಗೆ?" ಎಂದೆ.

"ಮಾತು ನಿಂತಿತ್ರಿ. ಅದಕ್ಕೂ ಮೊದಲ ಮಾತಾಡ್ತಿದ್ಲು. ಒಂದು ಮಾತು ಹೇಳ್ಲೇನ್ರಿ? ಅವತ್ತು ನೀವು ಕೊಟ್ಟ ಕಾಗದ ಅಕಿಗೆ ತೋರಿಸಿದ್ದೆ. ಸಾಲಿ ಮಾಸ್ತರರ ಕಡಿಂದ ಓದಿಸಿದ್ದೆ. ಎಲ್ಲಾ ಕೇಳಿ ಆತು ಅಂದ್ಲು. ಆಮ್ಯಾಲೂ ಯಾವಾಗರ ಒಮ್ಮೆ ನನ್ನ ಹತ್ರ ಕುಂತು, 'ಖರೇನ ಹೇಳೋ ಯಪ್ಪಾ, ನನ್ನ ಮುಂದ ಯಾಕ ಮುಚ್ಚಿಡ್ತಿ, ನಿನಗ ಏನಾಗಿತ್ತು?' ಅಂತಿದ್ಲು."

"ಅವರ ಇದ್ರಲ್ಲರಿ ಆಪರೇಷನ್ ಆಗೋವಾಗ. ಅವರ ಕಣ್ಣಾರೆ ನೋಡ್ಯಾರ."

"ನೋಡ್ಯಾಳ್ರಿ. ಆದ್ರ ಮಂದಿ ಅಷ್ಟ ಸಲ ಅಂದ ಮ್ಯಾಲ, ಡಾಕ್ಟರ ತನಗ ತಿಳೀಲಾರದಂಗ ಏನರ ಮುಚ್ಚಿಟ್ಟಿರಬೇಕು ಅನ್ನಿಸಿತ್ತು ಅಕಿಗೆ. ಕಡೀತನಾ ಹಂಗ ಇತ್ತು."

ಅವನು ಇದನ್ನು ದೂರಿನ ಹಾಗೆ ಹೇಳಲಿಲ್ಲ. ಕೇಳಿಸಿಕೊಳ್ಳುವವರು ಬೇರೆ ಯಾರೂ ಇಲ್ಲದ್ದಕ್ಕೆ ಹೇಳಿದ ಹಾಗಿತ್ತು. ನನಗೆ ಅಳು ಬಂತು; ಆದರೆ ಆ ಮಧ್ಯಾಹ್ನದ ಮೇಲೆ ನಾನು ಯಾರೆದುರೂ ಅಳುವುದನ್ನು ಬಿಟ್ಟಿದ್ದೇನೆ. ಕಾಗದದ ಕೆಳಗೆ ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದೆ. ಅವನು ಮಾಡಿದ. ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟೆ, ಒಂದನ್ನು ಪಂಚಾಯಿತಿಗೆ ಕೊಡಬೇಕು, ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಹೇಳಿದೆ.

"ಬರ್ತೀನ್ರಿ ಮೇಡಮ್ಮರ," ಎಂದು ಅವನು ಪಕ್ಕಕ್ಕೆ ಸರಿದ. ಹಿಂದೆ ನಿಂತಿದ್ದ ಹೆಂಗಸು ಕೌಂಟರಿನೊಳಗೆ ತನ್ನ ಚೀಟಿ ಚಾಚಿದಳು.